ಬೆಳಿಗ್ಗೆ ತುಂಬುವವರು, ಸಂಜೆ ಇಳಿಸುವವರು

ಫ್ರೌಕ್ಯ ಅಕ್ಕನಿಗೆ ಒಂಬತ್ತು ತಿಂಗಳು ತುಂಬುತ್ತಿದ್ದಂತೆ ನಾನು ಅವಳ ಮನೆಗೆ ಬಂದು, ಅಲ್ಲಿಂದಲೇ ಸೈಕಲ್ ಅಂಗಡಿಯ ಕೆಲಸಕ್ಕೆ ಹೋಗಿಬರತೊಡಗಿದೆ. ಮಲಗಲು ಅಟ್ಟ ಕೊಟ್ಟರು. ಅಲ್ಲಿ ಬಟ್ಟೆ ಒಗೆಯುವ ಯಂತ್ರವಿತ್ತು, ಹಗ್ಗದ ಮೇಲೆ ಅಂಗೈಯಗಲದ ಅಂಗಿಗಳು ಒಣಗುತ್ತಿದ್ದವು, ಗೋಡೆಯ ಮೇಲೆ ಬಾಯ್ಲರ್ ಇತ್ತು. ಕೆಳಗಿನ ಎಲ್ಲ ಕೋಣೆಗಳ ರೇಡಿಯೇಟರುಗಳಿಗೆ ಬಿಸಿನೀರು ಕಳಿಸುವುದು ಅದೇ. ಅದು ಸದಾ ಮೆಲ್ಲಗೆ ಗುನುಗುತ್ತಿತ್ತು. ಮಾತಾಡುವವರ ಜೊತೆಗಿಂತ ಗುನುಗುವುದರ ಜೊತೆ ಇರುವುದು ನನಗೆ ಸುಲಭ.

ಅಟ್ಟದಲ್ಲಿ ಮಲಗಿದ್ದರಿಂದ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ದಿನಾ ಬೆಳಿಗ್ಗೆ ಆರೂವರೆಗೆ ಡೌವೆ ಮಾವ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರು ವೀಬ್ರೆನ್ ಭಾವನ ಅಪ್ಪ. ಮೂವತ್ತು ವರ್ಷ ಎತ್ತುಸೇತುವೆ ಕಾಯ್ದು, ಈಗ ಮನೆಯೆದುರಿನ ಕಾಲುವೆಯಲ್ಲಿ ದೋಣಿಮನೆ ಕಟ್ಟಿಕೊಂಡು ಇರುವವರು. ಮರದ ಜೋಡು ಬಾಗಿಲಲ್ಲಿ ಬಿಟ್ಟು, ಬರೀ ಕಾಲುಚೀಲದಲ್ಲಿ ಬೆಕ್ಕಿನಂತೆ ಬಂದು, ಬಾಯ್ಲರಿನ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿದ್ದರು. ಮುಳ್ಳು ಸೊನ್ನೆಯ ಹತ್ತಿರ ಮಲಗಿರುತ್ತಿತ್ತು. ಬಾಯಲ್ಲೇ ಲೊಚಗುಟ್ಟಿ, ಒಗೆಯುವ ಯಂತ್ರದ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ, ಮುಳ್ಳು ಎರಡಕ್ಕೆ ಬರುವ ತನಕ ಬಾಯ್ಲರಿಗೆ ನೀರು ತುಂಬುತ್ತಿದ್ದರು. ಆಮೇಲೆ ಪೈಪನ್ನು ಇದ್ದ ಹಾಗೇ ಸುತ್ತಿಟ್ಟು ಇಳಿದುಹೋಗುತ್ತಿದ್ದರು. ನಾನು ನಿದ್ದೆಯಲ್ಲಿದ್ದೇನೆ ಎಂದು ಅವರ ನಂಬಿಕೆ.

ಸಂಜೆ ಎಂಟಕ್ಕೆ ಬಕೆಟ್ಟು ಹಿಡಿದುಕೊಂಡು ಭಾವ ಬರುತ್ತಿದ್ದ. ಅಷ್ಟು ಹೊತ್ತಿಗೆ ಮನೆ ಬೆಚ್ಚಗಾಗಿ, ಮುಳ್ಳು ಮೂರರ ಅಂಚಿಗೆ ಏರಿ ಕೆಂಪು ಗೆರೆ ಮುಟ್ಟಿರುತ್ತಿತ್ತು. ಅವನೂ ಲೊಚಗುಟ್ಟುತ್ತಿದ್ದ, ಥೇಟ್ ಅಪ್ಪನಂತೆಯೇ. ನೀರು ಬಿಟ್ಟು ಮುಳ್ಳನ್ನು ಒಂದೂವರೆಗೆ ಇಳಿಸಿ, ಬಕೆಟ್ಟನ್ನು ಬಚ್ಚಲಿಗೆ ಸುರಿದು ಹೋಗುತ್ತಿದ್ದ. ರಾತ್ರಿ ನೀರು ತಣ್ಣಗಾದಂತೆ ಮುಳ್ಳು ಇನ್ನೂ ಕೆಳಗಿಳಿಯುತ್ತಿತ್ತು.

ಬೆಳಿಗ್ಗೆ ಒಬ್ಬರು ತುಂಬುವುದು, ಸಂಜೆ ಇನ್ನೊಬ್ಬರು ಇಳಿಸುವುದು. ನಾನು ಅದನ್ನು ಈ ಮನೆಯ ಪದ್ಧತಿ ಎಂದುಕೊಂಡೆ. ಅಪ್ಪ ಮಗ ಸರದಿ ಹಾಕಿಕೊಂಡಿರಬೇಕು, ಬಾಯ್ಲರುಗಳಿಗೆ ಹೀಗೇ ಮಾಡಬೇಕೇನೋ. ಮೂರು ವಾರ ನೋಡಿದೆ. ಕೇಳಲಿಲ್ಲ. ಕೇಳಬೇಕಾದರೆ ಮೊದಲು ಬಾಯಿ ತೆರೆಯಬೇಕಲ್ಲ.

ಜನವರಿಯ ಆ ಶನಿವಾರ ಕಾಲುವೆ ಹೆಪ್ಪುಗಟ್ಟಿತ್ತು. ನಸುಕಿನಲ್ಲೇ ಅಕ್ಕನಿಗೆ ನೋವು ಶುರುವಾಯಿತು. ಎಂಟೂವರೆಗೆ ಸೂಲಗಿತ್ತಿ ಅಲೈದಾ ಬಂದರು. ಎತ್ತರದ ಹೆಂಗಸು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಮಲಗುವ ಕೋಣೆಯಲ್ಲಿ ಎಲ್ಲ ಸಿದ್ಧವಿತ್ತು. ಸೂಲಗಿತ್ತಿಯ ಸೊಂಟಕ್ಕೆ ತೊಂದರೆಯಾಗದಿರಲೆಂದು ಮಂಚದ ನಾಲ್ಕು ಕಾಲುಗಳ ಕೆಳಗೂ ದಿಮ್ಮಿ ಇಟ್ಟಿದ್ದೆವು. ಮಡಿಸಿದ ಬಟ್ಟೆಗಳ ರಾಶಿ, ತೊಟ್ಟಿಲು, ತೊಟ್ಟಿಲಿಗೆ ಬಿಸಿನೀರಿನ ಬಾಟಲಿ. ಇಲ್ಲದ್ದು ಒಂದೇ: ಬಿಸಿ. ಬೆಳಗಿನಿಂದ ಬಾಯ್ಲರ್ ಪದೇಪದೇ ನಿಂತುಹೋಗುತ್ತಿತ್ತು. ಅಲೈದಾ ಕೋಟು ಬಿಚ್ಚಲೇ ಇಲ್ಲ. ಚೀಲದಿಂದ ತಾಪಮಾಪಕ ತೆಗೆದು ತೊಟ್ಟಿಲ ಪಕ್ಕ ಇಟ್ಟು ನೋಡಿದರು.

"ಹದಿನಾಲ್ಕು ಡಿಗ್ರಿ," ಎಂದರು. "ಏನಮ್ಮಾ ಫ್ರೌಕ್ಯ, ಮಗು ಹೆರ್ತೀಯೋ, ಹಾಲಿನ ಪ್ಯಾಕೆಟ್ ಇಡ್ತೀಯೋ?"

ಅಕ್ಕ ನಕ್ಕಳು, ನಗು ಅರ್ಧಕ್ಕೆ ನೋವಾಗಿ ತಿರುಗಿತು. ನೋವು ಹೋದ ಮೇಲೆ ಅಂದಳು: "ಸರಿ ಹೋಗತ್ತೆ. ನಮ್ಮೆಜಮಾನ್ರು ಮೇಲೆ ನೋಡ್ತಿದಾರೆ."

"ನೋಡ್ಲಿ. ಹನ್ನೆರಡು ಗಂಟೆ ತನಕ ಕಾಯ್ತೀನಿ. ಕೋಣೆ ಇಪ್ಪತ್ತಕ್ಕೆ ಬಂತು, ಇಲ್ಲೇ. ಬರ್ಲಿಲ್ಲ, ಲೇವಾರ್ಡನ್ ಆಸ್ಪತ್ರೆ. ಒದ್ದೆ ಮಗೂನ ನಾನು ಈ ಚಳಿಗೆ ತರಲ್ಲ. ಅದರಲ್ಲಿ ಮಾತಿಲ್ಲ."

ಅಕ್ಕನ ಮುಖ ಸಣ್ಣದಾಯಿತು. ಒಂಬತ್ತು ವರ್ಷದವಳಿದ್ದಾಗ ಕಾಲು ಮುರಿದುಕೊಂಡು ಅವಳು ಅದೇ ಆಸ್ಪತ್ರೆಯಲ್ಲಿ ಹನ್ನೊಂದು ವಾರ ಮಲಗಿದ್ದಳು. ಇವತ್ತಿಗೂ ಆ ರಸ್ತೆಗೆ ಬಂದರೆ ಸೈಕಲ್ ತಿರುಗಿಸಿಬಿಡುತ್ತಾಳೆ. ಮಗು ಮನೆಯಲ್ಲೇ ಹುಟ್ಟಬೇಕೆಂಬುದು ಅವಳು ಎಂಟು ತಿಂಗಳಿಂದ ಕೇಳಿದ ಒಂದೇ ಒಂದು ಸಂಗತಿ. ಬೇರೇನೂ ಕೇಳಿರಲಿಲ್ಲ, ಉಪ್ಪಿನಕಾಯಿ ಮೀನನ್ನು ಬಿಟ್ಟು.

ಬಿಸಿ ತರಲು ಬೇರೆ ದಾರಿಗಳನ್ನೂ ನೋಡಿದೆವು. ಡೌವೆ ಮಾವ ತಂದ ಹಳೆಯ ವಿದ್ಯುತ್ ಒಲೆ ಐದು ನಿಮಿಷ ಕೆಂಪಗೆ ಉರಿದು ಮನೆಯ ಫ್ಯೂಸ್ ಹಾರಿಸಿತು. ಅವರ ದೋಣಿಮನೆ ಬೆಚ್ಚಗಿತ್ತು, ಆದರೆ ಒಳಗೆ ಹೋಗಲು ಏಣಿ ಇಳಿಯಬೇಕು. ಬಾಯ್ಲರ್ ರಿಪೇರಿಯವರಿಗೆ ಫೋನ್ ಮಾಡಿದರೆ, ಊರೆಲ್ಲ ಪೈಪು ಒಡೆದಿವೆ, ಸಂಜೆ ಆರರ ಮೇಲೆ ಬರುತ್ತೇವೆ ಎಂದರು.

ನಾನು ಟವೆಲ್ಲುಗಳನ್ನು ತರಲು ಅಟ್ಟಕ್ಕೆ ಹೋದಾಗ ಅಪ್ಪ ಮಗ ಇಬ್ಬರೂ ಬಾಯ್ಲರಿನ ಮುಂದಿದ್ದರು. ಒಬ್ಬರ ಕೈಯಲ್ಲಿ ಪೈಪು, ಇನ್ನೊಬ್ಬನ ಕೈಯಲ್ಲಿ ಬಕೆಟ್ಟು. ಒಂದೇ ಹೊತ್ತಿನಲ್ಲಿ ಇಬ್ಬರೂ ಅಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮೂರು ದಾಟಿ ನಿಂತೋಯ್ತು ಅಪ್ಪ! ಇಷ್ಟು ಪ್ರೆಷರ್ ಎಲ್ಲಿಂದ ಬರ್ತಿದೆ ಗೊತ್ತಾಗ್ತಿಲ್ಲ," ಎನ್ನುತ್ತ ಭಾವ ನೀರು ಬಿಟ್ಟ. ನೀರು ಬಕೆಟ್ಟಿಗೆ ಭರ್ರೆಂದು ಬಂತು. ಆತುರದಲ್ಲಿ ನಲ್ಲಿ ತಿರುಗಿಸುವುದು ತಡವಾಗಿ, ಮುಳ್ಳು ಸೊನ್ನೆಗೆ ಬಿತ್ತು. ಬಾಯ್ಲರ್ ಕೆಂಪು ದೀಪ ಮಿಣುಕಿಸಿ, ನೀರಿಲ್ಲ ಎಂದು ಹೊತ್ತಿಕೊಳ್ಳಲೇ ಇಲ್ಲ.

"ನೋಡ್ದಾ! ಖಾಲಿ ಮಾಡ್ಬಿಟ್ಟೆ," ಎಂದರು ಡೌವೆ ಮಾವ. "ಸರ್ಕೋ ಆಕಡೆ. ಸೇತುವೆ ಎತ್ತಿಳಿಸಿದ ಕೈ ಇದು." ಪೈಪು ಸಿಕ್ಕಿಸಿ ಎರಡೂವರೆಗೆ ತುಂಬಿದರು. ಬಾಯ್ಲರ್ ಹೊತ್ತಿಕೊಂಡಿತು. ಇಬ್ಬರೂ ಖುಷಿಯಿಂದ ಕೈ ಉಜ್ಜಿದರು. ಏಳು ನಿಮಿಷಕ್ಕೆ ಮುಳ್ಳು ಮೂರು ದಾಟಿತು, ಕೆಳಗಿನ ಸಣ್ಣ ಕೊಳವೆಯಿಂದ ನೀರು ಚಿಮ್ಮಿತು, ಬಾಯ್ಲರ್ ಮತ್ತೆ ನಿಂತಿತು.

"ನೀನು ಜಾಸ್ತಿ ತುಂಬ್ದೆ."

"ನೀನು ಜಾಸ್ತಿ ಬಿಟ್ಟೆ."

"ಈ ಮನೆ ಬಾಯ್ಲರ್ ಬಗ್ಗೆ ನಿಂಗೇನು ಗೊತ್ತು ಅಪ್ಪ? ಒಂದು ದಿನ ಮುಟ್ಟಿದ್ದೀಯಾ?"

ಡೌವೆ ಮಾವ ಮೂಗು ಒರೆಸಿಕೊಂಡರು.

ಆಗ ನನಗೆ ಹೊಳೆಯಿತು. ಇವರಿಗೆ ಒಬ್ಬರದು ಒಬ್ಬರಿಗೆ ಗೊತ್ತೇ ಇಲ್ಲ. ಸರದಿಯೂ ಇಲ್ಲ, ಪದ್ಧತಿಯೂ ಇಲ್ಲ. ಹೋದ ವರ್ಷ ಬಚ್ಚಲ ನಲ್ಲಿಯನ್ನು ತಲೆಕೆಳಗಾಗಿ ಕೂರಿಸಿದ ಮೇಲೆ ಭಾವನನ್ನು ಅವನಪ್ಪ ಆರು ತಿಂಗಳು ಆಡಿಕೊಂಡಿದ್ದರು. ಆಮೇಲಿಂದ ಭಾವ ಮನೆ ರಿಪೇರಿಯ ಮಾತನ್ನು ಅಪ್ಪನ ಮುಂದೆ ಎತ್ತುತ್ತಿರಲಿಲ್ಲ. ಅಪ್ಪನಿಗೋ, ಮಗನ ಮನೆಯಲ್ಲಿ ಕೇಳದೆ ಕೈಹಾಕುತ್ತೇನೆಂದು ಒಪ್ಪಿಕೊಳ್ಳಲು ಸಂಕೋಚ.

"ಭಾವ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ನನ್ನ ದನಿ ಟವೆಲ್ಲಿನ ರಾಶಿಯೊಳಗೇ ಉಳಿಯಿತು. ಇನ್ನೊಮ್ಮೆ ಎಂದೆ. ಭಾವ ಟವೆಲ್ ಬೇಕಿಲ್ಲವೆಂಬಂತೆ ಕೈಯಾಡಿಸಿದ.

ಕೆಳಗಿಳಿದು ಅಕ್ಕನ ಮಂಚದ ಬಳಿ ಕೂತು, ಅವಳ ಕಿವಿಯಲ್ಲಿ ಎಲ್ಲ ಹೇಳಿದೆ. ಆರೂವರೆಯ ಪೈಪು, ಎಂಟರ ಬಕೆಟ್ಟು, ಮೂರು ವಾರ. ಅವಳ ಹೊಟ್ಟೆ ಕುಲುಕತೊಡಗಿತು.

"ಅಯ್ಯಯ್ಯೋ, ನಗಿಸಬೇಡ ಕಣೇ, ಮಗು ಜಾರಿಬಿಡತ್ತೆ!" ಎಂದು ಕಣ್ಣೊರೆಸಿಕೊಂಡಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಪದ್ಧತಿ ಅಂದ್ಕೊಂಡೆ."

"ಪದ್ಧತಿಯಂತೆ!" ಅವಳು ಚಾವಣಿಯ ಕಡೆ ಮುಖ ಮಾಡಿ, ಕಾಲುವೆಯ ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದಳು. "ವೀಬ್ರೆನ್! ಮಾವಾ! ಇಬ್ರೂ ಕೆಳಗೆ ಬನ್ನಿ! ಈಗಲೇ!"

ಇಬ್ಬರೂ ದಡಬಡ ಇಳಿದು ಬಂದರು. ಮಗುವೇ ಬಂತೇನೋ ಎಂದು ಹೆದರಿದ್ದರು. ಅಕ್ಕ ಅವರನ್ನು ಮಂಚದ ಕಾಲ ಬಳಿ ಸಾಲಾಗಿ ನಿಲ್ಲಿಸಿದಳು. ಎತ್ತರಿಸಿದ ಮಂಚದ ಮೇಲೆ ಅವಳು ನ್ಯಾಯಾಧೀಶೆಯಂತೆ ಕಾಣುತ್ತಿದ್ದಳು.

"ಮಾವ, ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ಅಟ್ಟದಲ್ಲಿ ನಿಮಗೇನು ಕೆಲಸ?"

ಡೌವೆ ಮಾವ ತಮ್ಮ ಕಾಲುಚೀಲ ನೋಡಿಕೊಂಡರು. "ಸ್ವಲ್ಪ... ನೀರು. ಮುಳ್ಳು ಬಿದ್ದಿರ್ತಿತ್ತು. ಬಸುರಿ ಇರೋ ಮನೆ, ತಣ್ಣಗಾಗಬಾರ್ದು ಅಂತ."

"ಏನು? ದಿನಾನಾ?" ಎಂದ ಭಾವ.

"ನೀನು ಸುಮ್ನಿರು. ಸಂಜೆ ಎಂಟಕ್ಕೆ ನಿಂಗೇನು ಕೆಲಸ?"

ಭಾವನ ಕಿವಿ ಕೆಂಪಾಯಿತು. "ಮುಳ್ಳು ಮೇಲೆ ಹೋಗಿರ್ತಿತ್ತು. ಒಡೆದುಗಿಡೆದು ಹೋದೀತು ಅಂತ ಸ್ವಲ್ಪ ಬಿಡ್ತಿದ್ದೆ."

ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅದಕ್ಕೇ ಬೆಳಿಗ್ಗೆ ಖಾಲಿ ಇರ್ತಿತ್ತು!" ಎಂದರು ಅಪ್ಪ.

"ಅದಕ್ಕೇ ಸಂಜೆ ತುಂಬಿರ್ತಿತ್ತು!" ಎಂದ ಮಗ.

ಅಲೈದಾ ಕೋಟಿನ ಕಾಲರಿನೊಳಗೆ ಮುಖ ಹುದುಗಿಸಿ ನಗುತ್ತಿದ್ದರು. "ಹತ್ತು ಗಂಟೆ ಆಯ್ತು," ಎಂದರಷ್ಟೇ.

"ಹಾಗಾದ್ರೆ ನಾವಿಬ್ರೂ ಕೈ ಬಿಟ್ರೆ ಸಾಕು," ಎಂದ ಭಾವ. "ಸರಿ ಹೋಗತ್ತೆ."

"ಹೋಗಲ್ಲ," ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಟವೆಲ್ಲುಗಳ ಹಿಂದೆ ಅಡಗಬೇಕೆನಿಸಿತು, ಆದರೆ ಅವು ಆಗಲೇ ಮಂಚದ ಮೇಲಿದ್ದವು.

"ಹೇಳೇ ಹಿಂಕೆ," ಎಂದಳು ಅಕ್ಕ.

"ಈಗ ಏಳು ನಿಮಿಷದಲ್ಲಿ ಏರಿತಲ್ಲ. ಅಷ್ಟು ಬೇಗ ಏರಬಾರ್ದು. ನೀರು ಕಾದ್ರೆ ಉಬ್ಬತ್ತೆ. ಉಬ್ಬಿದ್ದು ಎಲ್ಲಾದ್ರೂ ಹೋಗ್ಬೇಕಲ್ಲ. ಬಾಯ್ಲರ್ ಪಕ್ಕ ಒಂದು ಕೆಂಪು ಡಬ್ಬಿ ಇದೆ. ಅದಕ್ಕೆ ಕರಿ ಮುಚ್ಚಳ ಇದೆ. ಚಕ್ರದ ವಾಲ್ವಿಗೆ ಇರೋ ಅಂಥದ್ದೇ."

ಅಷ್ಟು ಮಾತನ್ನು ನಾನು ಆ ಮನೆಯಲ್ಲಿ ಒಟ್ಟಿಗೆ ಆಡಿದ್ದಿಲ್ಲ. ಹಾಸಿಗೆಯಲ್ಲಿ ಮಲಗಿ ಮೂರು ವಾರ ಆ ಮುಚ್ಚಳ ನೋಡಿದ್ದೆ. ಹದಿನಾರಕ್ಕೆ ಶಾಲೆ ಬಿಟ್ಟಾಗಿನಿಂದ ಅಂಗಡಿಯಲ್ಲಿ ದಿನಕ್ಕೆ ನಲವತ್ತು ಚಕ್ರ ನೋಡುತ್ತೇನೆ. ವಾಲ್ವ್ ಇದ್ದ ಕಡೆ ಗಾಳಿ ಇರಬೇಕು. ಗಾಳಿ ಇದ್ದ ಕಡೆ ಎಂದಾದರೂ ಗಾಳಿ ಹೋಗುತ್ತದೆ.

"ಆ ಡಬ್ಬಿಲಿ ಅರ್ಧ ಗಾಳಿ ಇರ್ಬೇಕು, ಅರ್ಧ ನೀರು. ಮಧ್ಯೆ ರಬ್ಬರ್," ಎಂದೆ. "ನೀರು ಉಬ್ಬಿದ್ರೆ ಗಾಳೀನ ಅದುಮಿ ಜಾಗ ಮಾಡ್ಕೊಳತ್ತೆ. ಗಾಳಿ ಹೋಗಿದ್ರೆ ಜಾಗ ಇಲ್ಲ."

ಡೌವೆ ಮಾವ ಗಡ್ಡ ಕೆರೆದುಕೊಂಡರು. "ಪಂಕ್ಚರ್ ಅನ್ನು."

"ರಬ್ಬರ್ ಹರಿದಿದ್ರೆ ಪಂಕ್ಚರ್. ಆಗ ಏನೂ ಮಾಡಕ್ಕಾಗಲ್ಲ. ಬರೀ ಗಾಳಿ ಇಳಿದಿದ್ರೆ, ಹೊಡೀಬಹುದು."

"ಹೆಂಗ್ ಗೊತ್ತಾಗತ್ತೆ?"

"ವಾಲ್ವಿನ ಕಡ್ಡಿ ಒತ್ತಿದ್ರೆ. ನೀರು ಬಂದ್ರೆ ಹರಿದಿದೆ."

ನಾಲ್ಕು ನಿಮಿಷದಲ್ಲಿ ಮೂವರೂ ಅಟ್ಟದಲ್ಲಿದ್ದೆವು. ಬಾಯ್ಲರ್ ಆರಿಸಿದೆ. ಮುಚ್ಚಳ ಬಿಚ್ಚಿದೆ. ಕೆಳಗಿಂದ ಅಕ್ಕನ ಉದ್ದನೆಯ ನರಳಾಟ ಕೇಳಿಸಿತು, ಜೊತೆಗೆ ಅಲೈದಾರ ದನಿ: ಉಸಿರು ಬಿಡು, ಬಿಡು, ಬಿಡು. ನಾನು ಉಗುರಿನಿಂದ ಕಡ್ಡಿ ಒತ್ತಿ, ಬೆರಳನ್ನು ಅಲ್ಲೇ ಇಟ್ಟೆ. ಭಾವ ಕಣ್ಣು ಮುಚ್ಚಿಕೊಂಡಿದ್ದ.

ಏನೂ ಬರಲಿಲ್ಲ. ನೀರೂ ಇಲ್ಲ, ಗಾಳಿಯೂ ಇಲ್ಲ. ಬೆರಳು ಒಣಗಿಯೇ ಇತ್ತು.

"ಹರಿದಿಲ್ಲ," ಎಂದೆ.

"ಪಂಪು!" ಎಂದು ಕೂಗಿ ಭಾವ ಮೆಟ್ಟಿಲಿಳಿದು, ತನ್ನ ಸೈಕಲ್ಲಿನ ಪಂಪು ತಂದ. ಅದು ಡಬ್ಬಿಗೆ ಕೂರಲಿಲ್ಲ. ನಮ್ಮ ಕಡೆಯ ಸೈಕಲ್ಲಿನ ವಾಲ್ವ್ ಸಪೂರ, ಇದು ಕಾರಿನಂತೆ ದಪ್ಪ. ಅವನು ಬಟ್ಟೆ ಸುತ್ತಿ ಒತ್ತಿ ಹಿಡಿದ. ಗಾಳಿಯೆಲ್ಲ ಅವನ ಮುಖಕ್ಕೇ ಬಂತು.

"ತಲೆಗೆ ಗಾಳಿ ಹೊಡ್ಕೊತಿದ್ದೀಯಲ್ಲೋ, ಅಲ್ಲಿ ಆಗ್ಲೇ ಬೇಕಾದಷ್ಟಿದೆ," ಎಂದರು ಡೌವೆ ಮಾವ.

ನಾನು ಕೆಳಗಿಳಿದೆ. ಹಜಾರದಲ್ಲಿ ಮಗುವಿನ ಹೊಸ ತಳ್ಳುಗಾಡಿ ಕಾಗದ ಸಹ ಬಿಚ್ಚದೆ ನಿಂತಿತ್ತು. ಅದರ ಚಕ್ರಗಳಿಗೆ ದಪ್ಪ ವಾಲ್ವ್. ಕೆಳಗಿನ ಬುಟ್ಟಿಯಲ್ಲಿ ಅದಕ್ಕೆ ಸರಿಹೊಂದುವ, ಗೇಣುದ್ದದ ಪಂಪು. ತಂದು ಡಬ್ಬಿಗೆ ತಿರುಗಿಸಿದೆ. ಕೂತಿತು.

"ಇದಾ?" ಎಂದ ಭಾವ. "ಇದರಲ್ಲಿ ಬಲೂನೂ ಊದಕ್ಕಾಗಲ್ಲ."

"ಮೊದ್ಲು ಕೆಳಗಿನ ನಲ್ಲಿ ಬಿಡು ಭಾವ. ಬಕೆಟ್ಟಿಡು. ಮುಚ್ಚಬೇಡ. ಒಳಗೆ ನೀರು ಒತ್ತಿಕೊಂಡಿದ್ರೆ ಗಾಳಿಗೆ ಜಾಗ ಎಲ್ಲಿ?"

ಭಾವನಿಗೆ ನಾನು ಹಾಗೆ ಹೇಳಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಆಗ ಆಗಲಿಲ್ಲ. ಅವನು ಬಕೆಟ್ಟಿಟ್ಟು ನಲ್ಲಿ ಬಿಟ್ಟ.

ಹೊಡೆಯಲು ಶುರುಮಾಡಿದೆ. ಐವತ್ತು. ಎಂಬತ್ತು. ಪುಟ್ಟ ಪಂಪು ಬಿಸಿಯಾಯಿತು. ನೂರಕ್ಕೆ ಭಾವ ಕಿತ್ತುಕೊಂಡ. ನೂರ ಅರವತ್ತಕ್ಕೆ ಡೌವೆ ಮಾವ ಅಂಗಿಯ ತೋಳು ಮಡಿಸಿದರು. ಗಾಳಿ ಹೊಕ್ಕಂತೆಲ್ಲ ಡಬ್ಬಿಯೊಳಗೆ ನಿಂತಿದ್ದ ನೀರು ಗಳಗಳ ಎಂದು, ಕಪ್ಪಗೆ, ಬಕೆಟ್ಟಿಗೆ ಇಳಿಯತೊಡಗಿತು. ಆ ಸದ್ದು ಕೇಳಿ ಡೌವೆ ಮಾವ ಸೇತುವೆಯ ಮೇಲೆ ನಿಂತವರ ಹಾಗೆ ಕೂಗಿದರು: "ಬಂತು! ಬಂತು ನೋಡ್ರೋ!"

"ಏನ್ ಬಂತು?" ಎಂದು ಕೆಳಗಿಂದ ಅಲೈದಾ ಕೂಗಿದರು. "ಇಲ್ಲಿ ಇನ್ನೂ ಏನೂ ಬಂದಿಲ್ಲ!"

"ನೀರು!"

"ಇಲ್ಲೂ ಅದೇ ಬಂತು!" ಎಂದಳು ಅಕ್ಕ. ಅವಳ ನೀರಿನ ಚೀಲ ಒಡೆದಿತ್ತು.

ಆಮೇಲೆ ಯಾರೂ ಎಣಿಸಲಿಲ್ಲ. ಅಟ್ಟದಲ್ಲಿ ನೇತುಹಾಕಿದ್ದ ಅಂಗಡಿಯ ಏಪ್ರನ್ನಿನ ಜೇಬಿನಲ್ಲಿದ್ದ ಗಾಳಿ ಅಳೆಯುವ ಕಡ್ಡಿಯನ್ನು ವಾಲ್ವಿಗೆ ಒತ್ತಿ ನೋಡಿದೆ. ಅರ್ಧ. ಮತ್ತೆ ಹೊಡೆದರು. ಮುಕ್ಕಾಲು. ಇಬ್ಬರ ಹಣೆಯೂ ಹೊಳೆಯುತ್ತಿತ್ತು. ಪಂಪು ಕೈಯಿಂದ ಕೈಗೆ ಹೋಗುತ್ತಿತ್ತು, ಜಗಳವಿಲ್ಲದೆ. ಒಂದಕ್ಕೆ ಬಂದಾಗ ಸಾಕೆಂದು ಕೈ ಎತ್ತಿದೆ. ನಲ್ಲಿ ಮುಚ್ಚಿಸಿ, ವಾಲ್ವಿನ ಮುಚ್ಚಳ ಬಿಗಿದೆ.

"ಮಾವ, ಈಗ ತುಂಬಿ. ಮೊದ್ಲು ಪೈಪಿನೊಳಗೆ ನೀರು ಬಂದ ಮೇಲೆ ಸಿಕ್ಕಿಸಿ, ಗಾಳಿ ಹೋಗಬಾರ್ದು. ಒಂದೂವರೆಗೆ ನಿಲ್ಲಿಸಿ. ಒಂದೂವರೆ."

"ಒಂದೂ ಮುಕ್ಕಾಲು ಮಾಡ್ಲಾ? ಮಗುಗೆ ಇರ್ಲಿ ಅಂತ?"

"ಅಪ್ಪಾ!"

ಒಂದೂವರೆಗೇ ನಿಲ್ಲಿಸಿದರು. ಗಂಟೆ ಹನ್ನೊಂದಾಗಿತ್ತು. ಗುಂಡಿ ಒತ್ತಿದೆ. ಒಳಗೆ ನೀಲಿ ಉರಿ ಹೊತ್ತಿಕೊಂಡಿತು, ಗುನುಗು ಶುರುವಾಯಿತು. ಮೂವರೂ ಮುಳ್ಳಿನ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ಒಂದು ಪಾಯಿಂಟ್ ಆರು. ಒಂದು ಏಳು. ಐದು ನಿಮಿಷ, ಆರು, ಏಳು. ಭಾವ ನನ್ನ ಮೊಣಕೈ ಹಿಡಿದುಕೊಂಡಿದ್ದು ಅವನಿಗೇ ಗೊತ್ತಿರಲಿಲ್ಲ. ಒಂದು ಎಂಟು. ಮುಳ್ಳು ಅಲ್ಲೇ ನಿಂತಿತು. ಹತ್ತು ನಿಮಿಷ. ಅಲ್ಲೇ. ಪೈಪುಗಳು ಮುಟ್ಟಲಾಗದಷ್ಟು ಬಿಸಿಯಾದವು, ಮುಳ್ಳು ಮಾತ್ರ ಕದಲಲಿಲ್ಲ.

ಡೌವೆ ಮಾವ ಎದ್ದು, ಎರಡೂ ಕೈಗಳಿಂದ ಮಗನ ತಲೆ ಹಿಡಿದು ಹಣೆಗೆ ಮುತ್ತು ಕೊಟ್ಟರು. ಭಾವ ಗಾಬರಿಯಾಗಿ ಅತ್ತಿತ್ತ ನೋಡಿದ. ಆ ಮನೆಯಲ್ಲಿ ಅಂಥದ್ದೆಲ್ಲ ನಡೆಯುತ್ತಿರಲಿಲ್ಲ.

ಹನ್ನೆರಡಕ್ಕೆ ಅಲೈದಾ ತೊಟ್ಟಿಲ ಬಳಿಯ ತಾಪಮಾಪಕ ಎತ್ತಿಕೊಂಡರು. ನಾವು ಬಾಗಿಲಲ್ಲಿ ನಿಂತಿದ್ದೆವು. ಅಕ್ಕ ಮಂಚದ ಅಂಚು ಹಿಡಿದು, ಕೂದಲು ಮುಖಕ್ಕೆ ಅಂಟಿಕೊಂಡು, ಅವರನ್ನೇ ನೋಡುತ್ತಿದ್ದಳು. ಅಲೈದಾ ಕನ್ನಡಕ ಹಾಕಿಕೊಂಡರು, ತೆಗೆದರು.

"ಹತ್ತೊಂಬತ್ತೂವರೆ."

ಅಕ್ಕ ಮಂಚದ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನಾನು ಇಪ್ಪತ್ತು ಅಂದಿದ್ದೆ," ಎಂದರು ಅವರು. ಆಮೇಲೆ ಬೆಳಗಿನಿಂದ ಬಿಚ್ಚದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಭಾವನ ಕೈಗೆ ಹಾಕಿದರು. "ಇದನ್ನ ಎಲ್ಲಾದ್ರೂ ನೇತುಹಾಕಪ್ಪ. ಬೆವರ್ತಿದೆ. ಇನ್ನು ಗಂಡಸರು ಅಡುಗೆಮನೆಗೆ ಹೋಗಿ, ಕಾಫಿ ಮಾಡಿ. ಗಟ್ಟಿಯಾಗಿರ್ಲಿ. ಗಂಡ ಮಾತ್ರ ವಾಪಸ್ ಬರ್ಲಿ."

ಅಕ್ಕ ಅಳುತ್ತ ನಕ್ಕಳು. ಮುಂದಿನ ನೋವು ಬಂದಾಗ ನನ್ನ ಬೆರಳುಗಳನ್ನು ಹಿಂಡಿದಳು, ಬಿಡಲಿಲ್ಲ. ಹಾಗಾಗಿ ನಾನೂ ಅಲ್ಲೇ ಉಳಿದೆ. ಒಂದು ಗಂಟೆಗೆ ಕೋಣೆ ಇಪ್ಪತ್ತೆರಡು ದಾಟಿತು. ಅಕ್ಕ ಕಂಬಳಿ ಒದ್ದಳು. "ಕಿಟಕಿ ತೆಗೀರೋ, ಬೆಂದೋಗ್ತಿದ್ದೀನಿ!" ಎಂದು ಭಾವನನ್ನು ಬೈದಳು. ಕಿಟಕಿ ತೆಗೆಯಲು ಅಲೈದಾ ಒಪ್ಪಲಿಲ್ಲ. "ಬಿಸಿ ಬೇಕು ಅಂದೋಳು ನೀನೇ. ಈಗ ತಳ್ಳು," ಎಂದರು. ಅವಳು ತಳ್ಳಿದಳು. ಕಿಟಕಿಯಾಚೆ ಕಾಲುವೆಯ ಮಂಜುಗಡ್ಡೆಯ ಮೇಲೆ ಮಕ್ಕಳು ಜಾರುತ್ತ ಕಿರುಚುತ್ತಿದ್ದರು. ಎರಡು ಗಂಟೆ ಹತ್ತು ನಿಮಿಷಕ್ಕೆ ಆ ಕಿರುಚಾಟಕ್ಕೆ ಇನ್ನೊಂದು ಸೇರಿತು, ಒಳಗಿಂದ.

ಹೆಣ್ಣು. ಕೆಂಪಗೆ, ಸಿಟ್ಟಿನಿಂದ, ಮುಷ್ಟಿ ಬಿಗಿದುಕೊಂಡು ಬಂದಳು. ಅಲೈದಾ ಒರೆಸಿ ಅಕ್ಕನ ಎದೆಯ ಮೇಲೆ ಹಾಕಿದರು. ಅಕ್ಕ ಮಗುವನ್ನು ನೋಡಿದಳು, ತನ್ನ ಕಿಟಕಿ ನೋಡಿದಳು, ತನ್ನ ಪರದೆ ನೋಡಿದಳು, ಮತ್ತೆ ಮಗುವನ್ನು ನೋಡಿದಳು. "ಇಲ್ಲೇ," ಎಂದಳು. ಅಷ್ಟೇ ಅಂದಳು.

ಡೌವೆ ಮಾವ ತಟ್ಟೆ ಹಿಡಿದು ಒಳಗೆ ಬಂದರು. ಹೆಣ್ಣು ಹುಟ್ಟಿದರೆ ನಮ್ಮ ಕಡೆ ಹಂಚುವ ತಿಂಡಿ: ಗುಂಡು ರಸ್ಕಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಗುಲಾಬಿ ಬಣ್ಣದ ಸಕ್ಕರೆ ಸೋಂಪು. ಅವಸರದಲ್ಲಿ ಅರ್ಧ ಸೋಂಪು ನೆಲಕ್ಕೆ ಚೆಲ್ಲಿತ್ತು. ಭಾವ ಒಂದು ತುಂಡು ಬಾಯಿಗಿಟ್ಟುಕೊಂಡು, ಅಗಿಯುವುದನ್ನು ಮರೆತು ನಿಂತಿದ್ದ.

"ಹಿಂಕೆ," ಎಂದಳು ಅಕ್ಕ, "ಬಾ, ಎತ್ಕೋ. ಮೊದ್ಲು ನೀನೇ."

"ಅಜ್ಜ ಇದ್ದಾನಲ್ಲ ಇಲ್ಲಿ!" ಎಂದರು ಡೌವೆ ಮಾವ.

"ಅಜ್ಜ ಸರದಿಲಿ ನಿಲ್ಲಲಿ."

ನನ್ನ ಕೈ ತಣ್ಣಗಿತ್ತು, ಸಂಕೋಚಕ್ಕೋ ಏನೋ. ಕಿಟಕಿಯ ಕೆಳಗಿನ ರೇಡಿಯೇಟರಿನ ಬಳಿಗೆ ಹೋಗಿ ಎರಡೂ ಅಂಗೈಗಳನ್ನು ಅದರ ಮೇಲಿಟ್ಟೆ. ಹಿಂದಿನಿಂದ ಭಾವ, "ಬೇಗ ಮಾರಾಯ್ತಿ," ಎಂದ. ನಾನು ಅವಸರ ಮಾಡಲಿಲ್ಲ. ಕೈ ಪೂರ್ತಿ ಬೆಚ್ಚಗಾಗುವ ತನಕ ಇಟ್ಟುಕೊಂಡಿದ್ದೆ. ಆಮೇಲೆ ತಿರುಗಿ ಮಗುವನ್ನು ತೆಗೆದುಕೊಂಡೆ.